ಪಿಕಪ್ಪಿನ ತಳದ ಹಳೆಯ ಲೇಪ: ಕೀಳುವುದೇ ಲೇಸು



ಕೊಯ್ಲಿನ ಕಾಲದಲ್ಲಿ ನಮ್ಮ ಸಂಘದ ಅಂಗಳಕ್ಕೆ ಬರುವ ವಾಹನಗಳನ್ನು ನೋಡುತ್ತ ನಿಲ್ಲುವುದು ನನಗೊಂದು ಅಭ್ಯಾಸವಾಗಿಬಿಟ್ಟಿದೆ. ನಾನು ಪದವಿ ಮುಗಿಸಿ ತೋಟಕ್ಕೆ ಮರಳಿದ ಹೊಸತರಲ್ಲಿ ಇದೇ ಅಂಗಳದಲ್ಲಿ ಎತ್ತಿನ ಗಾಡಿಗಳು ನಿಲ್ಲುತ್ತಿದ್ದುವು. ಅಲ್ಲೊಂದು ಇಲ್ಲೊಂದು ಟ್ರ್ಯಾಕ್ಟರು, ಯಾರೋ ಅನುಕೂಲಸ್ಥರದೊಂದು ಮೆಟಡಾರ್. ಇಂದು ಆನವಟ್ಟಿ, ಜಡೆ, ಉಳವಿ, ಚಂದ್ರಗುತ್ತಿಯ ಕಡೆಯಿಂದ ಬರುವವರಾಗಲಿ, ಶಿರಾಳಕೊಪ್ಪ, ಉಡುಗಣಿ, ತಾಳಗುಂದದ ಕಡೆಯಿಂದ ಬರುವವರಾಗಲಿ, ಬಹುಪಾಲು ಎಲ್ಲರೂ ಪಿಕಪ್ಪಿನಲ್ಲೇ ಬರುತ್ತಾರೆ. ಎರಡು ಎಕರೆ ತೋಟದವನೂ ಸೆಕೆಂಡ್ ಹ್ಯಾಂಡ್ ಪಿಕಪ್ ಒಂದನ್ನು ಇಟ್ಟುಕೊಂಡಿದ್ದಾನೆ. ಇದು ಸಂತೋಷದ ವಿಷಯವೇ. ಬಾಡಿಗೆ ಗಾಡಿಗೆ ಕಾಯುವ ಕಷ್ಟ ತಪ್ಪಿದೆ. ಹಸಿ ಅಡಿಕೆ ಕೊಯ್ದ ದಿನವೇ ಸುಲಿಯುವ ಮನೆಗೆ ಸೇರುತ್ತದೆ.

ಆದರೆ ಈ ಪಿಕಪ್ಪುಗಳ ಹಿಂಬಾಗಿಲು ತೆರೆದಾಗ ಒಳಗೆ ಕಾಣುವ ದೃಶ್ಯ ಸಂತೋಷದ್ದಲ್ಲ. ಅನೇಕ ಗಾಡಿಗಳ ತಳಕ್ಕೆ ಕರಿಯ, ಒರಟಾದ, ರಬ್ಬರಿನಂತಹ ಒಂದು ಲೇಪ ಬಳಿದಿರುತ್ತದೆ. ಅಂಗಡಿಯವರು ಅದನ್ನು ಬೆಡ್ ಲೈನರ್ ಎನ್ನುತ್ತಾರೆ. ಪಂಪಿನಿಂದ ಸಿಂಪಡಿಸಿ ಕೂರಿಸಿದ ಲೇಪವದು. ಹೊಸದಿದ್ದಾಗ ಚೆನ್ನ. ಹಳತಾದ ಮೇಲೆ ಮೂಲೆಗಳಲ್ಲಿ ಬಿರಿದು, ಬೋಲ್ಟುಗಳ ಸುತ್ತ ಎದ್ದು, ಹಪ್ಪಳದಂತೆ ಉಬ್ಬಿ ನಿಂತಿರುತ್ತದೆ. ಮಾಲೀಕರನ್ನು ಕೇಳಿದರೆ, "ಅದರ ಮೇಲೆಯೇ ಇನ್ನೊಂದು ಕೋಟ್ ಹೊಡೆಸಿದರಾಯಿತು" ಎಂಬ ಉತ್ತರ ಬರುತ್ತದೆ. ಈ ಉತ್ತರವನ್ನು ನಾನೂ ಐದು ವರ್ಷ ಕೊಟ್ಟವನೇ. ಅದು ತಪ್ಪು ಉತ್ತರವೆಂದು ಹೇಳುವುದಕ್ಕಾಗಿಯೇ ಈ ಬರಹ.

ನನ್ನ ಪಿಕಪ್ಪನ್ನು ನಾನು ಕೊಂಡದ್ದು ಎರಡನೆಯ ಕೈಯಿಂದ. ಮಾರಿದವರು ಬೇರೆ ಜಿಲ್ಲೆಯವರು. ತಳಕ್ಕೆ ಹೊಳೆಯುವ ಕರಿ ಲೇಪ ಹೊಡೆಸಿಟ್ಟಿದ್ದರು. "ಇನ್ನು ಹತ್ತು ವರ್ಷ ತುಕ್ಕಿನ ಮಾತಿಲ್ಲ" ಎಂದರು. ನಾನು ಎಂಜಿನ್ ನೋಡಿದೆ, ಟೈರು ನೋಡಿದೆ, ಕಾಗದಪತ್ರ ನೋಡಿದೆ. ಲೇಪದ ಕೆಳಗೇನಿದೆ ಎಂದು ನೋಡಲಿಲ್ಲ. ನೋಡುವ ದಾರಿಯೂ ಇರಲಿಲ್ಲ. ಹೊರಗೆ ತಳುಕು, ಒಳಗೆ ಹುಳುಕು ಎಂಬ ಮಾತು ಬಾಯಲ್ಲಿ ಇತ್ತೇ ಹೊರತು ಬುದ್ಧಿಯಲ್ಲಿ ಇರಲಿಲ್ಲ.

ಎರಡು ಮಳೆಗಾಲ ಕಳೆದ ಮೇಲೆ ಲೇಪ ಅಲ್ಲಲ್ಲಿ ಏಳತೊಡಗಿತು. ನಮ್ಮಲ್ಲಿ ಇಪ್ಪತ್ತು ವರ್ಷಗಳಿಂದ ಕೊನೆ ಇಳಿಸುವ, ಮಳೆಗಾಲದಲ್ಲಿ ಮದ್ದು ಹೊಡೆಯುವ ಆಳು ಒಬ್ಬನಿದ್ದಾನೆ. ಅವನು ಒಂದು ದಿನ, "ಗೌಡ್ರೆ, ಗಾಡಿ ತಳ ಕಾಲಿಗೆ ಮೆತ್ತಗೆ ಹತ್ತುತ್ತದೆ" ಎಂದ. "ರಬ್ಬರು ಇದೆಯಲ್ಲೋ, ಮೆತ್ತಗೆ ಇರುತ್ತದೆ" ಎಂದು ನಕ್ಕುಬಿಟ್ಟೆ. ಮುಂದಿನ ಮೇ ತಿಂಗಳ ಕೊನೆಯಲ್ಲಿ ಸುಣ್ಣದ ಚೀಲ ಇಳಿಸುತ್ತಿದ್ದಾಗ ಅವನ ಬಲಗಾಲು ಲೇಪವನ್ನೂ ಅದರ ಕೆಳಗಿನ ತಗಡನ್ನೂ ಸೀಳಿಕೊಂಡು ಮೊಣಕಾಲಿನವರೆಗೆ ಇಳಿಯಿತು. ತುಕ್ಕು ಹಿಡಿದ ತಗಡಿನ ಅಂಚು ಗರಗಸದಂತಿರುತ್ತದೆ. ಮೊಳಕಾಲಿಗೆ ಹನ್ನೊಂದು ಹೊಲಿಗೆ, ಧನುರ್ವಾಯುವಿನ ಚುಚ್ಚುಮದ್ದು, ಆರು ವಾರ ಮರ ಹತ್ತುವಂತಿಲ್ಲ. ಮರ ಹತ್ತುವವನಿಗೆ ಕಾಲೇ ಅನ್ನ. ಆಸ್ಪತ್ರೆಯ ಖರ್ಚನ್ನೂ ಆರು ವಾರದ ಕೂಲಿಯನ್ನೂ ನಾನು ಕೊಟ್ಟೆ. ಕೊಟ್ಟೆನೆಂದು ಹೇಳಿಕೊಳ್ಳುವುದರಲ್ಲಿ ಯಾವ ದೊಡ್ಡಸ್ತಿಕೆಯೂ ಇಲ್ಲ. ಅವನು ಎಚ್ಚರಿಸಿದ್ದ, ನಾನು ನಕ್ಕಿದ್ದೆ, ಲೆಕ್ಕ ಇಷ್ಟೇ.

ಆ ಬಳಿಕ ಲೇಪವನ್ನು ಪೂರ್ತಿ ಕಿತ್ತೆವು. ಕೆಳಗೆ ತಗಡಿನ ಮೂರರಲ್ಲೊಂದು ಪಾಲು ಒಣ ಎಲೆಯಂತೆ ಪದರ ಪದರವಾಗಿ ಏಳುತ್ತಿತ್ತು. ಅಷ್ಟೂ ಕಾಲ ಮೇಲಿನ ಲೇಪ ಮಾತ್ರ ಅದನ್ನು ಒಂದಾಗಿ ಹಿಡಿದಿತ್ತು.

ತುಕ್ಕು ಬರುವುದು ಎಲ್ಲಿಂದ?

ನಾವು ಬೆಳೆಗಾರರು ಪಿಕಪ್ಪಿನಲ್ಲಿ ಏನೇನು ಸಾಗಿಸುತ್ತೇವೆಂದು ಒಮ್ಮೆ ಯೋಚಿಸಿ. ಬೋರ್ಡೋ ದ್ರಾವಣವನ್ನು ಕಬ್ಬಿಣದ ಪಾತ್ರೆಯಲ್ಲಿ ಕದಡಬಾರದೆಂದು ನಮ್ಮ ಮನೆಯ ಮಕ್ಕಳಿಗೂ ಗೊತ್ತು. 1885ರಲ್ಲಿ ಫ್ರಾನ್ಸಿನ ಮಿಲಾರ್ಡೆ ದ್ರಾಕ್ಷಿ ತೋಟಗಳಿಗಾಗಿ ಬಳಕೆಗೆ ತಂದ ಈ ಮದ್ದನ್ನು ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಕ್ರಮವನ್ನು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಲೆಸ್ಲಿ ಕೋಲ್‌ಮನ್ನರು ರೂಢಿಗೆ ತಂದು ನೂರು ವರ್ಷ ಮೀರಿತು. ಅಂದಿನಿಂದಲೂ ಒಂದು ಪರೀಕ್ಷೆ ನಡೆದುಬಂದಿದೆ. 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ ಹಾಕಿ ಸೇರಿಸಿದ ಮೇಲೆ ಉಜ್ಜಿದ ಕತ್ತಿಯ ಅಲಗನ್ನು ಅದರಲ್ಲಿ ಅದ್ದಿ ನೋಡುತ್ತೇವೆ. ಅಲಗು ಕೆಂಪಗಾದರೆ ಸುಣ್ಣ ಸಾಲದೆಂದು ಇನ್ನಷ್ಟು ಸುಣ್ಣ ಸೇರಿಸುತ್ತೇವೆ. ಆ ಕೆಂಪು ಏನು? ದ್ರಾವಣದಲ್ಲಿದ್ದ ತಾಮ್ರ ಅಲಗಿನ ಮೇಲೆ ಕುಳಿತುಕೊಂಡಿತು. ಅದಕ್ಕೆ ಸ್ಥಳ ಬಿಟ್ಟುಕೊಟ್ಟ ಕಬ್ಬಿಣ ನೀರಿಗೆ ಕರಗಿತು. ಅಂದರೆ ಮೈಲುತುತ್ತ ಕಬ್ಬಿಣವನ್ನು ತಿನ್ನುತ್ತದೆ.

ಕತ್ತಿಯ ವಿಷಯದಲ್ಲಿ ಇಷ್ಟು ಬಲ್ಲ ನಾವು, ಅದೇ ಮೈಲುತುತ್ತದ ಚೀಲವನ್ನು ಪಿಕಪ್ಪಿನ ಕಬ್ಬಿಣದ ತಳದ ಮೇಲೆ ದರದರನೆ ಎಳೆಯುತ್ತೇವೆ. ಚೀಲದ ಹೊಲಿಗೆಯಿಂದ ಉದುರಿದ ನೀಲಿ ಹರಳು ಮೂಲೆಯಲ್ಲಿ ಬಿದ್ದಿರುತ್ತದೆ. ಮುಂಗಾರಿನ ಮೊದಲ ಹನಿ ಬಿದ್ದೊಡನೆ ಅದು ಕರಗಿ ಲೇಪದ ಬಿರುಕು ಹುಡುಕಿಕೊಂಡು ಹೋಗುತ್ತದೆ. ಅದರ ಜೊತೆಗೆ ಪೊಟ್ಯಾಷ್ ಇದೆ. ನಾವು ಬಳಸುವ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಅಡಿಗೆ ಉಪ್ಪಿನ ಹತ್ತಿರದ ನೆಂಟ. ಉಪ್ಪು ಕಬ್ಬಿಣಕ್ಕೆ ಮಾಡುವುದನ್ನೆಲ್ಲ ಅದೂ ಮಾಡುತ್ತದೆ. ಕೊಟ್ಟಿಗೆ ಗೊಬ್ಬರದ ರಸವಿದೆ. ಹಣ್ಣು ಕಾಫಿ ಸಾಗಿಸುವವರ ಗಾಡಿಯಲ್ಲಿ ಹುಳಿಯುವ ಹಣ್ಣಿನ ರಸವಿದೆ. ಹಸಿ ಅಡಿಕೆಯ ಒಗರು ನೀರಿದೆ. ಅದು ಕಬ್ಬಿಣಕ್ಕೆ ತಾಗಿದರೆ ಮಸಿಯಂತೆ ಕಪ್ಪಾಗುವುದನ್ನು ಸುಲಿಯುವ ಕತ್ತಿಯ ಮೇಲೆ ನಾವು ನಿತ್ಯ ಕಾಣುತ್ತೇವೆ.

ಬರಿಯ ತಗಡಾಗಿದ್ದರೆ ಇವೆಲ್ಲ ಒಂದು ಕೊಡ ನೀರಿಗೆ ತೊಳೆದು ಹೋಗುತ್ತಿದ್ದುವು. ಬಿಸಿಲಿಗೆ ತಳ ಒಣಗುತ್ತಿತ್ತು. ಬಿರಿದ ಲೇಪದ ಕೆಳಗೆ ಸೇರಿದ ನೀರಿಗೆ ಹೊರದಾರಿಯಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ತಳ ಒಣಗುವ ದಿನಗಳೇ ಕಡಿಮೆ. ಒದ್ದೆ ಗೋಣಿಯನ್ನು ಕಬ್ಬಿಣದ ಮೇಲೆ ಹೊದೆಸಿ ವರ್ಷಗಟ್ಟಲೆ ಬಿಟ್ಟಂತೆ ಇದು. ತುಕ್ಕು ತಡೆಯಲೆಂದು ಹಾಕಿದ ವಸ್ತುವೇ ತುಕ್ಕನ್ನು ಸಾಕುತ್ತದೆ.

ಇಷ್ಟೇ ಅಲ್ಲ. ಎದ್ದ ಲೇಪದ ಕರಿ ಚೂರುಗಳು ಸರಕಿನೊಳಗೆ ಸೇರುತ್ತವೆ. ನಮ್ಮ ಅಡಿಕೆಯನ್ನು ಜನ ಬಾಯಿಗೆ ಹಾಕಿಕೊಳ್ಳುತ್ತಾರೆ. ಬೇಯಿಸಿ, ಚೊಗರು ಕೊಟ್ಟು, ಒಣಗಿಸಿದ ರಾಶಿಯಲ್ಲಿ ಪ್ಲಾಸ್ಟಿಕ್ಕಿನ ಕರಿ ಚೂರು ಕಂಡರೆ ವ್ಯಾಪಾರಿ ಏನೆಂದುಕೊಳ್ಳುತ್ತಾನೆ? ಕಲಬೆರಕೆ ಎಂದೇ ಅಲ್ಲವೇ? ಒಬ್ಬನ ಗಾಡಿಯ ಚೂರು ಇಡೀ ಸಂಘದ ಮಾಲಿಗೆ ಹೆಸರು ತರುತ್ತದೆ.

ಕೀಳುವ ಮೊದಲು ಪರೀಕ್ಷಿಸಿ

ಎಲ್ಲ ಲೇಪವನ್ನೂ ಕಿತ್ತೆಸೆಯಿರಿ ಎಂಬುದು ನನ್ನ ವಾದವಲ್ಲ. ತಗಡನ್ನು ಚೆನ್ನಾಗಿ ಉಜ್ಜಿ, ಪ್ರೈಮರ್ ಕೊಟ್ಟು, ಬಲ್ಲವರು ಹೊಡೆದ ಲೇಪ ಬಹುಕಾಲ ಬಾಳುತ್ತದೆ. ಗಟ್ಟಿ ಹಲ್ಲನ್ನು ಕೀಳಿಸಿಕೊಳ್ಳುವವರಿಲ್ಲ. ನಾನು ಹೇಳುತ್ತಿರುವುದು ಬಿರಿದ, ಎದ್ದ, ಉಬ್ಬಿದ ಲೇಪದ ವಿಷಯ.

ಹಲಸಿನ ಹಣ್ಣನ್ನು ಬಡಿದು ನೋಡುವಂತೆ ತಳವನ್ನು ಮರದ ಕೊಡತಿಯಿಂದ ಒಂದೊಂದು ಗೇಣಿಗೂ ಬಡಿಯುತ್ತ ಹೋಗಿ. ಲೇಪ ತಗಡಿಗೆ ಅಂಟಿರುವಲ್ಲಿ ತಗಡಿನ ದನಿ ಬರುತ್ತದೆ. ಬಿಟ್ಟುಕೊಂಡಿರುವಲ್ಲಿ ಬೊದ್ದು ದನಿ. ಬಳಿಕ ಗಾಡಿಯ ಕೆಳಗೆ ನುಸುಳಿ ಟಾರ್ಚು ಹಿಡಿದು ನೋಡಿ. ಅಡಿಯಿಂದ ಕೆಂಪು ಗುಳ್ಳೆ ಕಂಡಲ್ಲಿ ಸ್ಕ್ರೂಡ್ರೈವರಿನಿಂದ ಚುಚ್ಚಿ. ಅದು ಒಳಗಿಳಿದರೆ ಮತ್ತೆ ಯೋಚಿಸುವುದೇನೂ ಉಳಿಯಲಿಲ್ಲ.

ಲೇಪ ಯಾವ ಜಾತಿಯದೆಂದೂ ತಿಳಿಯಬೇಕು. ಹಳೆಯ ಬಟ್ಟೆಗೆ ಸ್ವಲ್ಪ ಡೀಸೆಲ್ ಹಾಕಿ ಒಂದು ಮೂಲೆಯಲ್ಲಿ ಉಜ್ಜಿ. ಬಟ್ಟೆ ಕಪ್ಪಾಗಿ ಲೇಪ ಜಿಗುಟಾದರೆ ಅದು ಡಾಂಬರು ಜಾತಿಯದು. ಡೀಸೆಲಿಗೆ ಜಗ್ಗದೆ ಥಿನ್ನರಿಗೆ ಕರಗಿದರೆ ಸಾಮಾನ್ಯ ಬಣ್ಣ. ಎರಡಕ್ಕೂ ಜಗ್ಗದೆ ರಬ್ಬರಿನಂತೆ ಉಗುರಿಗೆ ಪುಟಿದರೆ ಅದು ಪಾಲಿಯೂರಿಯಾ ಅಥವಾ ಪಾಲಿಯುರೆಥೇನ್. ಅಮೆರಿಕದಲ್ಲಿ ಪಿಕಪ್ಪುಗಳಿಗೆ ಸಿಂಪಡಿಸುವುದು ಇದನ್ನೇ. ಅಲ್ಲಿಂದಲೇ ಈ ಪದ್ಧತಿ ಹರಡಿತು. ಎರಡು ದ್ರವಗಳು ಸಿಂಪಡಿಸುವಾಗಲೇ ಬೆರೆತು ಕ್ಷಣಗಳಲ್ಲಿ ಗಟ್ಟಿಯಾಗುತ್ತವೆ. ಬೆಂದ ಮೊಟ್ಟೆ ಮತ್ತೆ ಹಸಿಯಾಗದಂತೆ, ಒಮ್ಮೆ ಗಟ್ಟಿಯಾದ ಈ ಲೇಪ ಮತ್ತೆ ಕರಗುವುದಿಲ್ಲ. ಆದುದರಿಂದ ಥಿನ್ನರ್ ಸುರಿದು ಹಣ ಕಳೆಯಬೇಡಿ. ಅದನ್ನು ಬಿಸಿ ಮಾಡಿ ಮೆತ್ತಗಾಗಿಸಿ ಕೆತ್ತಿ ತೆಗೆಯುವುದೊಂದೇ ದಾರಿ.

ನಾವು ಕಿತ್ತ ಕ್ರಮ

ಈ ಕೆಲಸಕ್ಕೆ ತಕ್ಕ ಕಾಲ ಮಾಘದಿಂದ ವೈಶಾಖದವರೆಗೆ. ಕೊಯ್ಲು ಮುಗಿದಿರುತ್ತದೆ, ಗಾಡಿಗೆ ಬಿಡುವಿರುತ್ತದೆ, ಬಿಸಿಲೂ ಇರುತ್ತದೆ. ಹಿಂದಿನ ದಿನವೇ ತಳವನ್ನು ಸೋಪಿನ ನೀರಿನಿಂದ ತೊಳೆದು ಒಣಗಿಸಿದೆವು. ಬ್ಯಾಟರಿಯ ತಂತಿ ಬಿಚ್ಚಿದೆವು. ಹಿಂಬಾಗಿಲು, ಕೊಂಡಿ, ಕೊಕ್ಕೆಗಳನ್ನೆಲ್ಲ ಕಳಚಿಟ್ಟೆವು. ಗಾಡಿಯನ್ನು ಷೆಡ್ಡಿನೊಳಗೆ ನಿಲ್ಲಿಸದೆ, ಒಣ ಸಿಪ್ಪೆ ರಾಶಿಯಿಂದ ದೂರ, ಗಾಳಿಯಾಡುವ ಕಡೆ ನಿಲ್ಲಿಸಿದೆವು. ಕೆಳಗೆ ಹಳೆಯ ತಾಡಪಾಲು ಹಾಸಿದೆವು.

ಲೇಪವನ್ನು ಮೊದಲು ಚೂಪಾದ ಕತ್ತಿಯಿಂದ ನಾಲ್ಕು ಬೆರಳಗಲದ ಪಟ್ಟಿಗಳಾಗಿ ಗೀರಬೇಕು. ತಾನಾಗಿ ಎದ್ದಿರುವ ಮೂಲೆಯಿಂದ ಆರಂಭಿಸಬೇಕು. ಒಬ್ಬನು ಹೀಟ್ ಗನ್ನಿನಿಂದ ಬಿಸಿಗಾಳಿ ಹಾಯಿಸುತ್ತ ಹೋದರೆ, ಇನ್ನೊಬ್ಬನು ಅಗಲ ಬಾಯಿಯ ಉಳಿಯನ್ನೋ ಪೇಂಟರರ ಪಟ್ಟಿಯನ್ನೋ ಅಡಿಗೆ ತೂರಿಸಿ ಎತ್ತುತ್ತಾನೆ. ಉಳಿಯನ್ನು ನೆಟ್ಟಗೆ ಹಿಡಿಯದೆ ಮಲಗಿಸಿ ಹಿಡಿಯಬೇಕು, ಇಲ್ಲವಾದರೆ ತಗಡಿಗೆ ಪೆಟ್ಟು. ಲೇಪ ಮೆತ್ತಗಾದರೆ ಸಾಕು, ಹೊಗೆ ಏಳಬಾರದು. ಹೊಗೆ ಕಂಡರೆ ಬಿಸಿ ಹೆಚ್ಚಾಯಿತೆಂದು ಗನ್ನನ್ನು ಹಿಂದಕ್ಕೆ ಸರಿಸಬೇಕು. ತಳದ ಅಡಿಯಲ್ಲಿ ಡೀಸೆಲ್ ಟ್ಯಾಂಕು, ಬ್ರೇಕಿನ ಪೈಪು, ವೈರುಗಳಿರುತ್ತವೆ ಎಂಬುದನ್ನು ಒಂದು ಕ್ಷಣವೂ ಮರೆಯಬಾರದು. ಹೀಟ್ ಗನ್ 1,800 ರಿಂದ 2,000 ವಾಟ್ ಎಳೆಯುತ್ತದೆ. ತೋಟದ ಮನೆಯ ಸಣ್ಣ ವೈರಿಗೆ ಸಿಕ್ಕಿಸಬಾರದು.

ಗಟ್ಟಿಯಾಗಿ ಅಂಟಿದ ಕಡೆ ಗಂಟೆಗೆ ಒಂದೆರಡು ಚದರಡಿ ಸಾಗಿದರೂ ಹೆಚ್ಚು. ಎದ್ದಿದ್ದ ಕಡೆ ಚಾಪೆ ಸುತ್ತಿದಂತೆ ಬಂತು. ಇಬ್ಬರು ಎರಡು ದಿನ ಪೂರ್ತಿ ದುಡಿದು ಮೂರನೆಯ ದಿನ ಮಧ್ಯಾಹ್ನ ಮುಗಿಸಿದೆವು. ಕಿತ್ತದ್ದನ್ನು ತೂಗಿದಾಗ 23 ಕೆ.ಜಿ. ಆಯಿತು. ಉಳಿದ ಚಕ್ಕೆಗಳನ್ನು ಕೊನೆಯಲ್ಲಿ ಗ್ರೈಂಡಿಂಗ್ ಮಿಷನ್ನಿಗೆ ತಂತಿ ಬ್ರಷ್ ಹಾಕಿ ತೆಗೆದೆವು. ಮೊದಲೇ ಗ್ರೈಂಡರ್ ಹಿಡಿದರೆ ಲೇಪ ಕಾದು ಬ್ರಷ್ಷಿಗೆ ಮೆತ್ತಿಕೊಳ್ಳುತ್ತದೆ, ಕೆಲಸ ಸಾಗದು. ಡಾಂಬರು ಜಾತಿಯ ಲೇಪವಾದರೆ ಇಷ್ಟು ಕಷ್ಟವಿಲ್ಲ. ಕೆತ್ತಿ ತೆಗೆದು, ಉಳಿದದ್ದನ್ನು ಡೀಸೆಲಿನಿಂದ ಒರೆಸಿ, ಸೋಪಿನಿಂದ ತೊಳೆದರೆ ಮುಗಿಯಿತು. ಡೀಸೆಲ್ ಬಳಸಿದ ಕಡೆ ಆ ದಿನ ಬಿಸಿಯ ಕೆಲಸ, ಕಿಡಿಯ ಕೆಲಸ ಮಾತ್ರ ಕೂಡದು.

ಮಾಡಲೇಬಾರದ ಕೆಲಸಗಳು

ಮೊದಲನೆಯದು, ಬೆಂಕಿ. ಗ್ಯಾಸ್ ಬರ್ನರ್ ಹಿಡಿದು ಲೇಪವನ್ನು ಸುಡುವ ಪದ್ಧತಿ ಕೆಲವು ಕಡೆ ಇದೆ. ಬೇಗ ಮುಗಿಯುತ್ತದೆ ಎಂಬುದು ನಿಜ. ಆದರೆ ಪಾಲಿಯುರೆಥೇನ್ ಸುಟ್ಟಾಗ ಬರುವ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಅಲ್ಲದೆ ಹೈಡ್ರೋಜನ್ ಸಯನೈಡ್ ಎಂಬ ಪ್ರಾಣಾಂತಕ ವಿಷವೂ ಇರುತ್ತದೆ, ಐಸೋಸಯನೇಟುಗಳೂ ಇರುತ್ತವೆ. 1984ರ ಭೋಪಾಲದ ದುರಂತದಲ್ಲಿ ಹೊರಬಿದ್ದ ಅನಿಲ ಈ ಐಸೋಸಯನೇಟ್ ಕುಟುಂಬದ್ದೇ. ನಮ್ಮ ಲೇಪದಲ್ಲಿರುವುದು ಅದೇ ವಸ್ತುವಲ್ಲ, ಗಟ್ಟಿಯಾದ ಲೇಪ ಸುಮ್ಮನಿದ್ದರೆ ಅಪಾಯವೂ ಇಲ್ಲ. ಸುಮ್ಮನಿರುವುದನ್ನು ಸುಟ್ಟು ಎಬ್ಬಿಸಬಾರದು ಎಂಬುದಷ್ಟೇ ನನ್ನ ಮಾತು. ಕಿತ್ತ ಚೂರುಗಳನ್ನು ಬಚ್ಚಲೊಲೆಗೆ ಹಾಕುವುದೂ ಇದೇ ತಪ್ಪು. ಅಡಿಕೆ ಬೇಯಿಸುವ ಒಲೆಗಂತೂ ಖಂಡಿತ ಕೂಡದು.

ಎರಡನೆಯದು, ಡಬ್ಬಿಯಲ್ಲಿ ಬರುವ ಪೇಂಟ್ ರಿಮೂವರ್. ಇವುಗಳಲ್ಲಿ ಕೆಲವಕ್ಕೆ ಮಿಥಿಲೀನ್ ಕ್ಲೋರೈಡ್ ಬೆರೆಸಿರುತ್ತಾರೆ. ಅದರ ಆವಿ ಗಾಳಿಗಿಂತ ಭಾರ; ತಗ್ಗಿನಲ್ಲಿ ಮಡುಗಟ್ಟುತ್ತದೆ. ಅಮೆರಿಕದಲ್ಲಿ ಸ್ನಾನದ ತೊಟ್ಟಿಗಳ ಬಣ್ಣ ತೆಗೆಯುವ ಕೆಲಸಗಾರರು ತೊಟ್ಟಿಯ ಮೇಲೆ ಬಾಗಿದಲ್ಲೇ ಸತ್ತ ಪ್ರಕರಣಗಳು ನಡೆದ ಮೇಲೆ, 2019ರಲ್ಲಿ ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ ಇಂತಹ ರಿಮೂವರುಗಳನ್ನು ಜನಸಾಮಾನ್ಯರಿಗೆ ಮಾರದಂತೆ ನಿಷೇಧಿಸಿತು. ಪಿಕಪ್ಪಿನ ಬಾಡಿಯೂ ನಾಲ್ಕು ಕಡೆ ಗೋಡೆಯಿರುವ ಒಂದು ತೊಟ್ಟಿಯೇ. ಅದರೊಳಗೆ ಕುಕ್ಕರಗಾಲಲ್ಲಿ ಕೂತು ಈ ದ್ರವ ಬಳಿಯುವುದೆಂದರೆ ಕೈಯಾರೆ ಬಾವಿಗೆ ಇಳಿದಂತೆ.

ಮೂರನೆಯದು, ಬರಿ ಮುಖದಲ್ಲಿ ಗ್ರೈಂಡರ್ ಹಿಡಿಯುವುದು. ತಲೆಗೆ ಸುತ್ತಿದ ಟವೆಲ್ಲನ್ನೇ ಮೂಗಿಗೆ ಕಟ್ಟಿಕೊಂಡರೆ ಸಾಲದು. ಎನ್-95 ಮಾಸ್ಕು, ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸು ಬೇಕೇ ಬೇಕು. ಹಳೆಯ ಗಾಡಿಯ ಅಡಿ ಬಣ್ಣದಲ್ಲಿ ಸೀಸ ಇರಬಹುದು. ನಮ್ಮ ದೇಶದಲ್ಲಿ ಬಣ್ಣದ ಸೀಸಕ್ಕೆ 90 ಪಿಪಿಎಂ ಮಿತಿ ಹಾಕಿದ 2016ರ ನಿಯಮ ಮನೆಗಳಿಗೆ, ಅಲಂಕಾರಕ್ಕೆ ಬಳಿಯುವ ಬಣ್ಣಗಳಿಗೆ ಸಂಬಂಧಿಸಿದ್ದು. ವಾಹನಗಳ ಬಣ್ಣ ಅದರಡಿ ಬರುವುದಿಲ್ಲ. ಆದುದರಿಂದ ಧೂಳನ್ನು ವಿಷವೆಂದೇ ಭಾವಿಸಿ ನಡೆಯುವುದು ಕ್ಷೇಮ. ಮಕ್ಕಳನ್ನು ಹತ್ತಿರ ಬಿಡಬಾರದು.

ನಾಲ್ಕನೆಯದು, ಕಿತ್ತ ಚೂರನ್ನೂ ಧೂಳನ್ನೂ ತೋಟಕ್ಕೋ ಗೊಬ್ಬರದ ಗುಂಡಿಗೋ ಬಿಸಾಡುವುದು. ಅದು ಕೊಳೆಯುವ ವಸ್ತುವಲ್ಲ. ತೋಟದ ಬಸಿಗಾಲುವೆಗೆ ಬಿದ್ದದ್ದು ಹಳ್ಳಕ್ಕೆ, ಹಳ್ಳದ್ದು ದಂಡಾವತಿಗೋ ಕುಮುದ್ವತಿಗೋ ಸೇರುತ್ತದೆ. ತಾಡಪಾಲಿನ ಮೇಲೆ ಬಿದ್ದದ್ದನ್ನೆಲ್ಲ ಗುಡಿಸಿ, ಚೀಲದಲ್ಲಿ ತುಂಬಿ, ಬಾಯಿ ಕಟ್ಟಿ, ಪಂಚಾಯಿತಿಯ ಕಸ ವಿಲೇವಾರಿಯವರಿಗೆ ಇಂತಹುದೆಂದು ತಿಳಿಸಿ ಒಪ್ಪಿಸಬೇಕು.

ಕಿತ್ತ ಮೇಲೆ

ಬರಿ ತಗಡು ಕಂಡ ದಿನವೇ ನಿಜವಾದ ಕೆಲಸ ಆರಂಭ. ತೂತು ಬಿದ್ದಲ್ಲಿ ಪುಟ್ಟಿ ಮೆತ್ತಿ ಮುಚ್ಚಬಾರದು. ಕೊಳೆತಷ್ಟನ್ನೂ ಗಟ್ಟಿ ತಗಡು ಸಿಗುವವರೆಗೆ ಕತ್ತರಿಸಿ, ಅದೇ ದಪ್ಪದ ಹೊಸ ತಗಡು ಬೆಸೆಸಬೇಕು. ತಳದ ಅಡ್ಡಪಟ್ಟಿಗಳೇ ಹೋಗಿದ್ದರೆ ಬಾಡಿಯ ಬೋಲ್ಟು ಬಿಚ್ಚಿ ಚಾಸಿಯಿಂದ ಎತ್ತಿಸಿ ಕೆಲಸ ಮಾಡಿಸುವುದು ಒಳ್ಳೆಯದು.

ಉಳಿದ ತುಕ್ಕನ್ನು ಎಮರಿ ಕಾಗದದಿಂದ ಉಜ್ಜಬೇಕು. ಸಂದುಗೊಂದಿನಲ್ಲಿ ಉಳಿದದ್ದಕ್ಕೆ ರಸ್ಟ್ ಕನ್ವರ್ಟರ್ ಎಂಬ ದ್ರವ ಬರುತ್ತದೆ. ಬಳಿದರೆ ಕೆಂಪು ತುಕ್ಕು ಕಪ್ಪಾಗಿ ಗಟ್ಟಿಯಾಗುತ್ತದೆ. ಅವುಗಳಲ್ಲಿ ಹಲವಕ್ಕೆ ಹಾಕುವುದು ಟ್ಯಾನಿಕ್ ಆಮ್ಲ. ನಮ್ಮ ಚೊಗರಿನಲ್ಲಿರುವ ಒಗರು ಇದೇ ಕುಲದ್ದು. ಹಾಗೆಂದು ಯಾರೂ ಚೊಗರು ತಂದು ಬಳಿಯಬೇಡಿ. ಅದರಲ್ಲಿ ಬೇರೆ ವಸ್ತುಗಳೂ ಇರುತ್ತವೆ, ಹದವೂ ಗೊತ್ತಿಲ್ಲ. ಮಲೆನಾಡಿನ ಗಾಳಿಯಲ್ಲಿ ಉಜ್ಜಿದ ಕಬ್ಬಿಣ ರಾತ್ರಿ ಕಳೆಯುವುದರೊಳಗೆ ಮತ್ತೆ ಕೆಂಪಾಗುತ್ತದೆ. ಆದುದರಿಂದ ಉಜ್ಜಿದ ದಿನವೇ ಎಪಾಕ್ಸಿ ಪ್ರೈಮರ್ ಹೊಡೆಯಬೇಕು. ಮೇಲೂ ಹೊಡೆಯಬೇಕು, ಅಡಿಯಲ್ಲೂ ಹೊಡೆಯಬೇಕು. ಅದರ ಮೇಲೆ ಎರಡು ಕೋಟ್ ಬಣ್ಣ. ಬಣ್ಣದ ವಾಸನೆ ಪೂರ್ತಿ ಹೋಗುವವರೆಗೆ ಅಡಿಕೆಯನ್ನಾಗಲಿ ಕಾಫಿಯನ್ನಾಗಲಿ ತುಂಬಬಾರದು. ಒಣಗಿದ ಕಾಫಿ ಸುತ್ತಲಿನ ವಾಸನೆಯನ್ನು ಹೀರಿಕೊಳ್ಳುತ್ತದೆ ಎಂಬುದನ್ನು ಬೆಳೆದವರಿಗೆ ಹೇಳಬೇಕಾಗಿಲ್ಲ.

ಮತ್ತೆ ಲೇಪ ಹಾಕಿಸಬೇಕೆ? ಸಣ್ಣ ಬೆಳೆಗಾರನಿಗೆ ಬೇಡವೆಂಬುದೇ ನನ್ನ ಅಭಿಪ್ರಾಯ. ನಮ್ಮ ತಾತಂದಿರ ಎತ್ತಿನ ಗಾಡಿಯ ತಳಕ್ಕೆ ಬಿದಿರಿನ ತಟ್ಟಿ ಹಾಸುತ್ತಿದ್ದರು. ಗೊಬ್ಬರ ಹೊತ್ತ ಮೇಲೆ ತಟ್ಟಿಯನ್ನು ಎತ್ತಿ ತೊಳೆದು ಬೇಲಿಗೆ ಒರಗಿಸುತ್ತಿದ್ದರು. ತಟ್ಟಿ ಹಳತಾದರೆ ಹೊಸದು ಹೆಣೆಯುತ್ತಿದ್ದರು. ಗಾಡಿಯ ಮರಕ್ಕೆ ವರ್ಷಕ್ಕೊಮ್ಮೆ ಎಣ್ಣೆ ಕಾಣಿಸುತ್ತಿದ್ದರು. ಅದರಲ್ಲಿದ್ದ ವಿವೇಕವೆಂದರೆ, ಹೊದಿಕೆ ಎತ್ತಲು ಬರುವಂತಿರಬೇಕು. ಎತ್ತಿದರೆ ಕೆಳಗಿನದು ಕಣ್ಣಿಗೆ ಬೀಳುತ್ತದೆ, ಕಣ್ಣಿಗೆ ಬಿದ್ದರೆ ರಿಪೇರಿ ಸಣ್ಣದರಲ್ಲಿ ಮುಗಿಯುತ್ತದೆ. ದನದ ಕೊಟ್ಟಿಗೆಗೆ ಹಾಸುವ ರಬ್ಬರ್ ಮ್ಯಾಟನ್ನು ಅಳತೆಗೆ ಕತ್ತರಿಸಿ ನಾನು ಈಗ ತಳಕ್ಕೆ ಹಾಸಿದ್ದೇನೆ. ಹದಿನೈದು ದಿನಕ್ಕೊಮ್ಮೆ, ಗೊಬ್ಬರ ಇಲ್ಲವೇ ಮೈಲುತುತ್ತ ತಂದ ದಿನ ತಪ್ಪದೆ, ಅದನ್ನು ಎತ್ತಿ ತೊಳೆಯುತ್ತೇವೆ. ನೀರು ಹೋಗುವ ತೂತುಗಳನ್ನು ಕಡ್ಡಿಯಿಂದ ಬಿಡಿಸುತ್ತೇವೆ.

ತಗಡು, ಬೆಸುಗೆ, ಪ್ರೈಮರು, ಬಣ್ಣ, ಮ್ಯಾಟು ಎಲ್ಲ ಸೇರಿ ನನಗೆ 17,000 ರೂಪಾಯಿ ಬಿತ್ತು. ಮೊದಲ ಗುಳ್ಳೆ ಕಂಡ ವರ್ಷವೇ ಕಿತ್ತಿದ್ದರೆ ಇದರ ಕಾಲು ಪಾಲಿನಲ್ಲಿ ಮುಗಿಯುತ್ತಿತ್ತು. ಒಬ್ಬನ ಕಾಲೂ ಉಳಿಯುತ್ತಿತ್ತು. ಎಂಟು ವರ್ಷ ದಾಟಿದ ಸರಕು ಗಾಡಿಗೆ ಪ್ರತಿ ವರ್ಷವೂ ಎಫ್.ಸಿ. ಮಾಡಿಸಬೇಕು. ಅದರ ಹಿಂದಿನ ವಾರ ಕರಿ ಬಣ್ಣ ಹೊಡೆಸಿ ಗೆದ್ದೆವೆಂದುಕೊಳ್ಳುವವರಿದ್ದಾರೆ. ತಪಾಸಣೆಯವರ ಕಣ್ಣು ತಪ್ಪಿಸಬಹುದು. ತಳದ ಮೇಲೆ ನಿಂತು ಚೀಲ ಹೊರುವವನ ಭಾರ ತಪ್ಪಿಸಲಾಗದು.

ಸಂಘ ಮಾಡಬೇಕಾದದ್ದು

ಕೊನೆಯದಾಗಿ ಸಂಘದ ಮಾತು. ಹೀಟ್ ಗನ್, ಗ್ರೈಂಡರ್, ಅಗಲ ಉಳಿಗಳು, ಮಾಸ್ಕು, ಕನ್ನಡಕ ಇವೆಲ್ಲ ಒಬ್ಬ ಬೆಳೆಗಾರನಿಗೆ ಜೀವಮಾನದಲ್ಲಿ ಒಂದೆರಡು ಸಲ ಬೇಕಾಗುವ ಸಾಮಾನು. ಪ್ರತಿಯೊಬ್ಬರೂ ಕೊಳ್ಳುವುದು ದಂಡ. ಕೊಳ್ಳದೆ ಬೆಂಕಿ ಹಚ್ಚುವುದು ಅಪಾಯ. ಒಬ್ಬನಿಗೆ ಆಗದ್ದು ಹತ್ತು ಜನಕ್ಕೆ ಸುಲಭವಾಗಲೆಂದೇ 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದು. ಅಡಿಕೆಯ ದರದ ಚಿಂತೆ ಹೇಗೆ ಸಂಘದ್ದೋ, ಅಡಿಕೆ ಹೊರುವವನ ಕಾಲಿನ ಚಿಂತೆಯೂ ಹಾಗೆಯೇ ಸಂಘದ್ದಾಗಬೇಕು.

ನನ್ನ ಸಲಹೆ ಇಷ್ಟೇ. ಈ ಸಾಮಾನುಗಳ ಒಂದು ಸೆಟ್ಟನ್ನು ಸಂಘ ಕೊಂಡು ಗೋದಾಮಿನಲ್ಲಿಟ್ಟು, ದೋಟಿ, ಸ್ಪ್ರೇಯರ್ ಕೊಡುವಂತೆ ದಿನದ ಬಾಡಿಗೆಗೆ ಸದಸ್ಯರಿಗೆ ಕೊಡಲಿ. ಬಳಸುವ ಕ್ರಮ ಬಲ್ಲ ಒಬ್ಬ ವೆಲ್ಡಿಂಗ್ ಕೆಲಸದವರನ್ನು ಕರೆಸಿ ಬೇಸಿಗೆಯಲ್ಲಿ ಒಂದು ದಿನ ಸಂಘದ ಅಂಗಳದಲ್ಲಿಯೇ ಮಾಡಿ ತೋರಿಸಲಿ. ಕಿತ್ತ ಚೂರುಗಳನ್ನು ಒಂದೆಡೆ ಕೂಡಿಸಿ ಪಂಚಾಯಿತಿಗೆ ಒಪ್ಪಿಸುವ ಹೊಣೆಯನ್ನೂ ಸಂಘವೇ ಹೊರಲಿ. ಬರುವ ಸರ್ವ ಸದಸ್ಯರ ಸಭೆಯಲ್ಲಿ ಇದನ್ನು ಚರ್ಚೆಗೆ ಇಡುತ್ತೇನೆ. ಖರ್ಚು ಎಷ್ಟೆಂದು ಕೇಳುವವರು ಕೇಳಲಿ; ಲೆಕ್ಕ ಬರೆದುಕೊಂಡೇ ಬರುತ್ತೇನೆ. ಬೇಡವೆನ್ನುವವರು ಕಾರಣ ಹೇಳಲಿ, ಕೇಳುವ ವ್ಯವಧಾನ ನನಗಿದೆ.

ಅಲ್ಲಿಯವರೆಗೆ ಸದಸ್ಯ ಬಂಧುಗಳಲ್ಲಿ ಒಂದು ವಿನಂತಿ. ಇಂದು ಸಂಜೆ ತೋಟದಿಂದ ಬಂದ ಮೇಲೆ ನಿಮ್ಮ ಪಿಕಪ್ಪಿನ ಹಿಂಬಾಗಿಲು ತೆರೆದು, ತಳವನ್ನು ಒಮ್ಮೆ ಬಡಿದು ನೋಡಿ. ನಿಮ್ಮ ಆಳು "ತಳ ಮೆತ್ತಗಾಗಿದೆ" ಎಂದು ಹೇಳಿದ್ದರೆ, ನನ್ನ ಹಾಗೆ ನಗದೆ, ಬಗ್ಗಿ ನೋಡಿ.

– ಕಾರ್ಯದರ್ಶಿ